ಏಳನೇ ಪುಟದ ಸೊನ್ನೆ

ಸಹಿ ಹಾಕಲು ಇನ್ನೆರಡು ಗಂಟೆ ಇದೆ ಅನ್ನುವಾಗ ಏಳನೇ ಪುಟ ಕೈಕೊಟ್ಟಿತು.

ಮೊದಲು ನೋಡಿದ್ದು ಅನುವಾದಕಿ. ಎರಡು ದೇಶ, ಎರಡು ವಿಶ್ವವಿದ್ಯಾಲಯ, ಎರಡು ಭಾಷೆ, ಒಂದೇ ಒಪ್ಪಂದ. ಹೊಸ ತಂತ್ರಜ್ಞಾನವನ್ನೂ ಅದಕ್ಕೆ ಬೇಕಾದ ನೀತಿ ನಿಯಮಗಳನ್ನೂ ಒಟ್ಟಿಗೆ ಕಲಿಸುವ ಜಂಟಿ ಕೋರ್ಸು ಅದರಿಂದ ಶುರುವಾಗಬೇಕಿತ್ತು. ಅವಳು ಕೊನೇ ಸಲ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದುತ್ತಿದ್ದಳು. ಲ್ಯಾಬಿನ ತಾಂತ್ರಿಕ ಸಿಬ್ಬಂದಿಗೆ ಪ್ರತಿವರ್ಷ ಎರಡು ಸೀಟು ಕೊಡಲೇಬೇಕು ಎಂದು ಅತಿಥಿಗಳ ಭಾಷೆಯ ಪ್ರತಿ ಹೇಳುತ್ತಿತ್ತು. ನಮ್ಮ ಭಾಷೆಯ ಪ್ರತಿಯಲ್ಲಿ ‘ನೀಡತಕ್ಕದ್ದು’ ಇದ್ದ ಜಾಗದಲ್ಲಿ ‘ನೀಡಬಹುದು’ ಕೂತಿತ್ತು. ಅಂದರೆ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಎರಡೂ ಪ್ರತಿಗಳನ್ನು ಒಯ್ದು ಕುಲಸಚಿವರ ಮುಂದಿಟ್ಟಳು; ಸಹಿಗೆ ಬಂದಿದ್ದ ಅತಿಥಿ ಪ್ರೊಫೆಸರರೂ ಅಲ್ಲೇ ಇದ್ದರು.

ಪುಟ ಬದಲಿಸಿ ಹೊಸದು ಸೇರಿಸಿದರೆ ಆಯಿತಲ್ಲ ಅಂದರು ಕುಲಸಚಿವರು, ಆಡಳಿತವನ್ನೆಲ್ಲ ಹೊತ್ತ ಮನುಷ್ಯ. ಅತಿಥಿ ಪ್ರೊಫೆಸರ್ ಒಪ್ಪಲಿಲ್ಲ. ತಪ್ಪಿನಿಂದ ಆದದ್ದೋ, ಬೇಕೆಂದೇ ಮಾಡಿದ್ದೋ ತಿಳಿಯದೆ ಪೆನ್ನು ಎತ್ತುವುದಿಲ್ಲ ಅಂದರು ಆ ಹೆಂಗಸು. ಕುಲಸಚಿವರು ಹಣೆ ಒರೆಸಿಕೊಂಡರು. ಗೂಬೆ ಕೂರಿಸಲು ಒಂದು ತಲೆ ಬೇಕಿತ್ತು, ಅನುವಾದಕಿಯದು ಎದುರಿಗೇ ಇತ್ತು. ವರ್ಷದ ಗುತ್ತಿಗೆಯ ಕೆಲಸ ಬೇರೆ. ಹನ್ನೊಂದರೊಳಗೆ ಬೇರೆ ಕಾರಣ ಸಿಗದಿದ್ದರೆ ಇದು ಅನುವಾದದ ತಪ್ಪು, ನಾಳೆಯಿಂದ ನೀನು ಬರಬೇಡ ಅಂದುಬಿಟ್ಟರು.

ಅವಳು ನೇರ ನೆಲಮಾಳಿಗೆಯ ಮುದ್ರಣಾಲಯಕ್ಕೆ ಓಡಿದಳು. ಅಲ್ಲಿ ಅವಳ ದೊಡ್ಡಮ್ಮ ಇದ್ದರು.

*

ಮೂವತ್ತೊಂದು ವರ್ಷದಿಂದ ಆಕೆ ಅಲ್ಲಿ ಕರಡು ತಿದ್ದುತ್ತಿದ್ದರು. ಕರಡಕ್ಕ ಅನ್ನುವುದು ಜನರ ಬಾಯಲ್ಲಿ ಉರುಳಿ ಉರುಳಿ ಕರಡಿಯಕ್ಕ ಆಗಿತ್ತು. ತಪ್ಪು ಕಂಡರೆ ಮೇಲೆ ಬೀಳುವ ಪರಿ ನೋಡಿದರೆ ಹೆಸರಿನಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

"ದೊಡ್ಡಮ್ಮ, ನಾನು ಬರೆದಿದ್ದು ತಕ್ಕದ್ದು ಅಂತಲೇ. ನಿಮ್ಮಾಣೆ."

"ಆಣೆಗೀಣೆ ಬೇಡ. ಕಾಗದ ಕೊಡು."

ಕರಡಿಯಕ್ಕ ಹದಿನಾಲ್ಕು ಪುಟಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಹದಿಮೂರು ಪುಟಗಳ ಎಡ ಅಂಚಿನಲ್ಲಿ ಬೂದು ಬಣ್ಣದ ಸಣ್ಣ ಗೆರೆ ಇತ್ತು. ಏಳನೆಯದರಲ್ಲಿ ಇರಲಿಲ್ಲ.

ನಿನ್ನೆ ಐದು ಗಂಟೆಗೆ ಪ್ರಿಂಟ್ ತೆಗೆದಾಗ ಪ್ರಿಂಟರಿನ ರೋಲರ್ ಕೊಳೆಯಾಗಿ ಪುಟಪುಟಕ್ಕೂ ಗೆರೆ ಬೀಳುತ್ತಿತ್ತು ಎಂದು ಹುಡುಗಿ ನೆನಪಿಸಿಕೊಂಡಳು. ಅದನ್ನು ಒರೆಸಲು ರಿಪೇರಿ ಮಾಮನಿಗೆ ಹೇಳಿ, ಒಪ್ಪಂದವನ್ನು ಕುಲಸಚಿವರ ಕಪಾಟಿನಲ್ಲಿಟ್ಟು, ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಐದೂಕಾಲಿಗೆ ಅತಿಥಿ ಪ್ರೊಫೆಸರರ ಕಾರು ಹತ್ತಿದ್ದಳು. ರಾತ್ರಿ ಊಟದವರೆಗೂ ಅವರ ಜೊತೆಗೇ ಇದ್ದಳು.

"ಹಾಗಾದರೆ ಈ ಪುಟ ರೋಲರ್ ಒರೆಸಿದ ಮೇಲೆ ಹುಟ್ಟಿದ್ದು. ಆಗ ನೀನು ಇಲ್ಲೇ ಇರಲಿಲ್ಲ. ಮುಖ ತೊಳ್ಕೊಂಡು ಬಾ."

*

ರಿಪೇರಿ ಮಾಮ ಲ್ಯಾಬಿನ ಮೆಕ್ಯಾನಿಕ್. ವಿಶ್ವವಿದ್ಯಾಲಯದಲ್ಲಿ ಏನು ಕೆಟ್ಟರೂ ಅವನೇ ಬೇಕು. ರೋಲರ್ ಒರೆಸಿದಾಗ ಐದೂವರೆ ಆಗಿತ್ತು ಅಂದ. ಆಮೇಲೆ ಆ ಕಡೆ ಇದ್ದವರು ಮೂರೇ ಜನ: ಅವನು, ಕುಲಸಚಿವರು ಮತ್ತು ಕೋರ್ಸಿನ ಸಂಯೋಜಕರು.

ವಿಷಯ ತಿಳಿದ ಕುಲಸಚಿವರು, ಪ್ರಿಂಟರ್ ಮುಟ್ಟಿದ್ದು ಅವನಲ್ಲವೇ, ಅವನನ್ನೇ ಹಿಡಿಯಿರಿ ಅಂದರು. ಸಂಯೋಜಕರು ಪಾಪ ಬಿಡಿ ಸರ್ ಎನ್ನುತ್ತಲೇ ತಲೆಯಾಡಿಸಿದರು.

ಮಾಮನ ಮುಖ ಸಣ್ಣಗಾಯಿತು. "ಅಕ್ಕಾ, ಆ ಎರಡು ಸೀಟಲ್ಲಿ ಒಂದಕ್ಕೆ ಅರ್ಜಿ ಹಾಕೋಣ ಅಂತಿದ್ದೆ ನಾನು. ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೋತೀನಾ? ನನಗೆ ಟೈಪಿಂಗೂ ಬರಲ್ಲ."

ಅದು ನಿಜ. ಅವನ ರಜೆ ಚೀಟಿಯನ್ನೂ ಯಾರಾದರೂ ಟೈಪ್ ಮಾಡಿಕೊಡಬೇಕಿತ್ತು.

ಕರಡಿಯಕ್ಕ ಮತ್ತೆ ಭೂತಗನ್ನಡಿ ಹಿಡಿದು ಕೂತರು. ಆರನೇ ಪುಟ ನೋಡಿದರು, ಏಳನೆಯದು ನೋಡಿದರು. ‘ತಾಂತ್ರಿಕ’, ‘ಸಿಬ್ಬಂದಿ’, ‘ಒಪ್ಪಂದ’. ಏಳನೇ ಪುಟದಲ್ಲಿ ಸೊನ್ನೆಗಳೆಲ್ಲ ಒಂದು ಸುತ್ತು ದಪ್ಪಗಿದ್ದವು. ಆಕೆ ಸಣ್ಣಗೆ ನಕ್ಕರು. ಈ ಸೊನ್ನೆಗಳು ಹಳೇ ಪರಿಚಯದವು. ಆದರೆ ಪರಿಚಯವೇ ಪುರಾವೆ ಆಗುವುದಿಲ್ಲ.

*

ಹತ್ತೂವರೆಗೆ ಆಕೆ ಮೇಲೆ ಹೋಗಿ, ಸಭಾಂಗಣದ ಪರದೆಗೆ ಸ್ವಾಗತದ ಸಾಲು ಬೇಕು, ಅವಸರ ಅಂದರು. ಕುಲಸಚಿವರೂ ಸಂಯೋಜಕರೂ ತಲಾ ಒಂದು ಟೈಪ್ ಮಾಡಿಕೊಡಿ, ಚೆನ್ನಾಗಿರುವುದನ್ನು ಹಾಕೋಣ. ‘ಒಪ್ಪಂದ’ ಅನ್ನುವ ಮಾತು ಮಾತ್ರ ಇರಲಿ. ಇಬ್ಬರೂ ಖುಷಿಯಿಂದ ಕುಟ್ಟಿದರು. ಪರದೆಯ ಮೇಲೆ ಹೆಸರು ಬರುತ್ತದೆ ಅಂದರೆ ಯಾರು ತಾನೇ ಬೇಡ ಅಂತಾರೆ?

ಆಮೇಲೆ ಆಕೆ ಎಲ್ಲರನ್ನೂ ಕರೆದರು. ಅನುವಾದಕಿ ಅತಿಥಿ ಪ್ರೊಫೆಸರರ ಪಕ್ಕ ಕೂತು ಒಂದೊಂದನ್ನೂ ಅವರ ಭಾಷೆಗೆ ತಿರುಗಿಸುತ್ತಿದ್ದಳು.

ಕುಲಸಚಿವರ ಸಾಲಿನಲ್ಲಿ ‘ಒಪ್ಪಂದ’ ಹುಡುಕು ಅಂದರೆ ಕಂಪ್ಯೂಟರ್ ಥಟ್ಟನೆ ತೋರಿಸಿತು. ಸಂಯೋಜಕರ ಸಾಲಿನಲ್ಲಿ ಪದ ಕಣ್ಣೆದುರೇ ಇತ್ತು. ಆದರೆ ಕಂಪ್ಯೂಟರ್ ಇಲ್ಲ ಅಂದಿತು.

"ಯಾಕೆ ಸಿಗಲಿಲ್ಲ?" ಕುಲಸಚಿವರು ಮುಂದೆ ಬಾಗಿದರು.

"ನಮ್ಮಲ್ಲಿ ಎರಡು ಸೊನ್ನೆ ಇದೆ ಸರ್. ಒಂದು ಅಕ್ಷರದ ಪಕ್ಕ ಕೂರೋದು, ಇನ್ನೊಂದು ಲೆಕ್ಕದ್ದು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನಮ್ಮ ಸಂಯೋಜಕರು ಅಕ್ಷರದ ಸೊನ್ನೆ ಬೇಕಾದ ಕಡೆಯೆಲ್ಲ ಲೆಕ್ಕದ ಸೊನ್ನೆ ಒತ್ತುತ್ತಾರೆ. ಅದು ಒಂಚೂರು ದಪ್ಪ. ಅವರ ಲೇಖನಗಳಲ್ಲಿ ಹನ್ನೆರಡು ವರ್ಷದಿಂದ ತಿದ್ದಿ ತಿದ್ದಿ ನನ್ನ ಬೆರಳು ಸವೆದಿದೆ."

ಏಳನೇ ಪುಟವನ್ನು ಮೇಜಿನ ಮೇಲಿಟ್ಟು ಭೂತಗನ್ನಡಿಯನ್ನು ಕುಲಸಚಿವರ ಕೈಗೆ ಕೊಟ್ಟರು. ಹುಡುಗಿ ಕೊಟ್ಟಿದ್ದು ತಿದ್ದಲು ಬಾರದಂತೆ ಭದ್ರ ಮಾಡಿದ ಫೈಲು. ಒಂದು ಪದ ಬದಲಿಸಬೇಕಾದರೆ ಪುಟವನ್ನೇ ಹೊಸದಾಗಿ ಟೈಪ್ ಮಾಡಬೇಕು. ಮಾಡಿದವರು ತಮ್ಮ ಸೊನ್ನೆಗಳನ್ನೂ ಜೊತೆಗೆ ತಂದಿದ್ದರು. ಐದೂವರೆಯ ಮೇಲೆ ಅಲ್ಲಿದ್ದ ಮೂವರಲ್ಲಿ ಒಬ್ಬನಿಗೆ ಟೈಪಿಂಗ್ ಬಾರದು, ಇನ್ನೊಬ್ಬರ ಸೊನ್ನೆ ಸರಿಯಿದೆ.

ಸಂಯೋಜಕರು ಬೆವರಿದರು. ಕರಡಿಯಕ್ಕ ಬಿಡಲಿಲ್ಲ. ಈ ಕೋರ್ಸಿಗೆ ದಾರಿ ಮಾಡಿದ್ದೇ ಕುಡಿಯುವ ನೀರನ್ನು ಪರೀಕ್ಷಿಸುವ ಒಂದು ಪುಟ್ಟ ಪೆಟ್ಟಿಗೆ. ಅದರ ಮೇಲೆ ಸಂಯೋಜಕರ ಹೆಸರಿತ್ತು, ಆದರೆ ಅದು ಕೆಟ್ಟಾಗಲೆಲ್ಲ ಬಿಚ್ಚಿ ಸರಿಮಾಡುತ್ತಿದ್ದವನು ಮಾಮ. ಆ ಪೆಟ್ಟಿಗೆ ಹೇಗೆ ಹುಟ್ಟಿತು, ಯಾರ ಕೈಯಲ್ಲಿ ಎಂದು ಬರೆಯುವುದೇ ತರಗತಿಯ ಮೊದಲ ಪಾಠ ಎಂದು ನಿನ್ನೆ ನಾಲ್ಕಕ್ಕೆ ಅತಿಥಿ ಪ್ರೊಫೆಸರ್ ಎಲ್ಲರ ಮುಂದೆ ಹೇಳಿದ್ದರು.

"ಆ ಬೆಂಚಿನಲ್ಲಿ ಮಾಮ ಕೂತಿದ್ದರೆ ಏನು ಬರೆಯುತ್ತಿದ್ದ, ಹೇಳಿ."

ಸಂಯೋಜಕರು ತಲೆ ತಗ್ಗಿಸಿಯೇ ಅಂದರು, "ಪೆಟ್ಟಿಗೆ ಮಾಡಿದ್ದು ಅವನೇ. ನಾನು ಹೆಸರು ಹಾಕಿಕೊಂಡೆ. ಆಮೇಲೆ ಹೇಳಲು ಧೈರ್ಯ ಬರಲಿಲ್ಲ."

ರಿಪೇರಿ ಮಾಮನ ಕಣ್ಣು ತುಂಬಿತು. ಸಿಟ್ಟಿಗಿಂತ ಅದು ಸಮಾಧಾನದಂತಿತ್ತು.

ಕುಲಸಚಿವರು ಅನುವಾದಕಿಯ ಕಡೆ ತಿರುಗಿ, ತಪ್ಪು ನನ್ನದಮ್ಮ, ನಾಳೆ ಎಂದಿನ ಹಾಗೆ ಬಾ ಅಂದರು. ಸಂಯೋಜಕರನ್ನು ಆ ಕೆಲಸದಿಂದ ಕೆಳಗಿಳಿಸಿದರು. ಹೊಸ ಏಳನೇ ಪುಟ ಬಂತು. ಹನ್ನೊಂದೂ ಇಪ್ಪತ್ತಕ್ಕೆ ಅತಿಥಿ ಪ್ರೊಫೆಸರ್ ಸಹಿ ಹಾಕಿದರು. ಪೆಟ್ಟಿಗೆಯ ಮೇಲಿನ ಹೆಸರು ಬದಲಾಗಬೇಕು ಎಂದು ಹುಡುಗಿಯ ಬಾಯಲ್ಲೇ ಹೇಳಿಸಿದರು.

*

ಮುಂದಿನ ವಾರ ರಿಪೇರಿ ಮಾಮ ನೆಲಮಾಳಿಗೆಗೆ ಇಳಿದು ಬಂದ. ಕೈಬರಹದ ಅರ್ಜಿ, ಅಂಚಿಗೆ ಗ್ರೀಸು ಬೇರೆ. ಒಂದ್ಸಲ ನೋಡಿಕೊಡಿ ಅಕ್ಕಾ ಅಂದ. ಕರಡಿಯಕ್ಕ ಓದಿದರು. ಕಾಗುಣಿತ ಅಲ್ಲಲ್ಲಿ ಎಡವಿತ್ತು, ಅದನ್ನು ಹಾಗೇ ಬಿಟ್ಟರು. ಕೊನೇ ಸಾಲಿಗೆ ಬಂದಾಗ ಕೆಂಪು ಪೆನ್ನು ಎತ್ತಿದರು.

‘ನನಗೆ ಒಂದು ಸೀಟು ನೀಡಬಹುದೇ?’ ಎಂದು ಬರೆದಿದ್ದ.

ಆಕೆ ‘ಬಹುದೇ’ ಅನ್ನು ಹೊಡೆದು ಹಾಕಿ, ಮೇಲೆ ದಪ್ಪಗೆ ‘ತಕ್ಕದ್ದು’ ಎಂದು ಬರೆದುಕೊಟ್ಟರು.