ಹಸಿರು ವಲಯದಲ್ಲಿ ಒಂದು ಕೋಣೆ

ಹತ್ತನೇ ತಾರೀಖು, ಸೋಮವಾರ, ಬೆಳಿಗ್ಗೆ 10.20ಕ್ಕೆ ಯೋಜನಾ ಕಚೇರಿಯ ಉಪನಿರ್ದೇಶಕರು ಠಾಣೆಗೆ ಬಂದು ದೂರು ಕೊಟ್ಟರು. ಇಡೀ ಪ್ರಾಂತ್ಯದ ಮುಂದಿನ ಇಪ್ಪತ್ತು ವರ್ಷಗಳ ಯೋಜನೆಯ ಮೂಲ ನಕ್ಷೆಯನ್ನು ಯಾರೋ ತಿದ್ದಿದ್ದರು. ಗುರುವಾರ ಅದಕ್ಕೆ ಅಂತಿಮ ಸಹಿ ಬೀಳಬೇಕಿತ್ತು. ಸಹಿ ಬಿದ್ದ ಮೇಲೆ ಊರೂರಿನ ಕಚೇರಿಗಳು ನಕ್ಷೆ ಹೇಳಿದಂತೆಯೇ ನಡೆಯಬೇಕು: ಹಳದಿ ಬಳಿದಲ್ಲಿ ಮನೆ ಕಟ್ಟಬಹುದು, ಹಸಿರು ಬಳಿದಲ್ಲಿ ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ.

ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಇನ್‌ಸ್ಪೆಕ್ಟರ್ ಇಬ್ಬರು ಪಂಚರ ಮುಂದೆ ನಕ್ಷೆಯ ಪಂಚನಾಮೆ ಮಾಡಿದರು. ನದಿ ದಡದ ಊರಿನ ವಿವರ ಹಾಳೆಯಲ್ಲಿ, ಹಸಿರಿನ ನಡುವೆ ಸಾಸಿವೆಯಷ್ಟು ಹಳದಿ. ಜಮೀನು ದಲ್ಲಾಳಿಗಳ ಕೈವಾಡ ಇದು, ಅನುಮಾನವೇ ಬೇಡ ಎಂದರು ಉಪನಿರ್ದೇಶಕರು.

ಹೆಡ್ ಕಾನ್‌ಸ್ಟೆಬಲ್ ಭೂತಗನ್ನಡಿಯಿಂದ ಕಣ್ಣು ತೆಗೆದರು. "ದಲ್ಲಾಳಿ ಆಗಿದ್ರೆ ಇಡೀ ದಡಾನೇ ನುಂಗ್ತಿದ್ದ ಸರ್. ಇವನ್ಯಾರೋ ಸಂಕೋಚದ ಕಳ್ಳ."

ಇನ್‌ಸ್ಪೆಕ್ಟರ್ ಚುಕ್ಕೆಯನ್ನು ಅಳೆಸಿದರು. ನಕ್ಷೆಯ ಲೆಕ್ಕದಲ್ಲಿ ಅದು ನೆಲದ ಮೇಲೆ ಹತ್ತಡಿಗೆ ಹನ್ನೆರಡಡಿ, ಒಂದು ಕೋಣೆ. ಅಂಚು ಎಲ್ಲೂ ಕದಲಿರಲಿಲ್ಲ, ಪಳಗಿದ ಕೈ.

ಆ ದಡದಲ್ಲಿ ಕಟ್ಟಲು ಅನುಮತಿ ಕೇಳಿ ತಿರಸ್ಕೃತವಾದ ಅರ್ಜಿಗಳ ಕಡತಗಳನ್ನು ತರಿಸಿದರು. 3.40ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅದೇ ಅಳತೆಯ ಅರ್ಜಿ ಹುಡುಕಿಕೊಟ್ಟರು. ನೆಲಮಟ್ಟದಲ್ಲಿ, ಬಚ್ಚಲಿಗೆ ಅಂಟಿಕೊಂಡಂತೆ ಒಂದು ಕೋಣೆ. ಮೂರು ಸಲ ಕೇಳಿದ್ದರು. ಮೂರು ಸಲವೂ ಒಂದೇ ಉತ್ತರ: ಈಗ ಜಾರಿಯಲ್ಲಿರುವ ಪ್ರಾದೇಶಿಕ ಯೋಜನೆಯಂತೆ ಹಸಿರು ವಲಯ, ಸ್ಥಳೀಯವಾಗಿ ಅವಕಾಶವಿಲ್ಲ. ಅರ್ಜಿದಾರರು ಯೋಜನಾ ಕಚೇರಿಯದೇ ನಕ್ಷೆಗಾರರು, ಮೂವತ್ತೊಂದು ವರ್ಷದ ಸೇವೆ.

ಅವರನ್ನು ಕರೆಸಿದರು.

"ಹಸಿರು ಬಳಿದಿದ್ದು ಯಾರು?"

"ನಾನೇ ಸರ್. ನದಿ ಉಕ್ಕಿದ್ರೆ ಜನ ಸಾಯಬಾರ್ದು ಅಂತ ಬಳಿದಿದ್ದು. ಅದು ತಪ್ಪಲ್ಲ."

"ಹಳದಿ?"

ನಕ್ಷೆಗಾರರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಅದೂ ನಾನೇ. ಅಕ್ಕನ್ನ ಮಹಡಿಯಿಂದ ಬಚ್ಚಲಿಗೆ ಹೊತ್ತು ಇಳಿಸೋಕೆ ಇನ್ನು ನನ್ನ ಕೈಲಾಗಲ್ಲ. ಹೋದ ವಾರ ಮೆಟ್ಟಿಲ ಮೇಲೆ ಇಬ್ರೂ ಬಿದ್ವಿ."

"ಮಾಡೋದು ಮಾಡಿದ್ರಿ, ಇಡೀ ನಿವೇಶನಕ್ಕೇ ಬಳೀಬಹುದಿತ್ತಲ್ಲ?"

"ಅಷ್ಟು ಬೇಕಾಗಿರ್ಲಿಲ್ಲ ಸರ್."

ಬಣ್ಣದ ಸೀಸೆಯನ್ನು ವಶಪಡಿಸಿಕೊಳ್ಳಲು 5.30ಕ್ಕೆ ಅವರ ಮನೆಗೆ ಹೋದರು. ಕೆಳಗೆ ಒಬ್ಬರು ನಿಂತು ಅಡುಗೆ ಮಾಡುವಷ್ಟೇ ಜಾಗ. ಮಲಗುವ ಕೋಣೆ ಮಹಡಿಯಲ್ಲಿ, ಬಚ್ಚಲು ಹಿತ್ತಲಲ್ಲಿ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದ ಅಕ್ಕ ಹಾಸಿಗೆಯಲ್ಲಿ ಕಾಯುತ್ತಿದ್ದರು. ಒಂದು ಸಲ ಇಳಿಸಿ ಬರುತ್ತೇನೆಂದು ನಕ್ಷೆಗಾರರು ಕೇಳಿಕೊಂಡರು. ಇನ್‌ಸ್ಪೆಕ್ಟರ್ ಹೂಂ ಎನ್ನುವ ಮೊದಲೇ ಹೆಡ್ ಕಾನ್‌ಸ್ಟೆಬಲ್ ಟೋಪಿ ತೆಗೆದಿಟ್ಟು ಕಾಲಿನ ಕಡೆ ಹಿಡಿದಿದ್ದರು. ಮಹಿಳಾ ಕಾನ್‌ಸ್ಟೆಬಲ್ ಬಚ್ಚಲಿನವರೆಗೂ ಹೋದರು.

ಮತ್ತೆ ಹಾಸಿಗೆಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ವಿಷಯ ತಿಳಿಸಿದರು. ಅಕ್ಕ ಅಳಲಿಲ್ಲ. "ಅಮ್ಮ ಹೋದಾಗ ಇವನಿಗೆ ಎರಡು ವರ್ಷ. ಸೊಂಟದಿಂದ ಇಳಿಸಿದ್ರೆ ಅಳ್ತಿದ್ದ. ಈಗ ನನ್ನ ಸರದಿ ಅಕ್ಕಾ ಅಂತಾನೆ," ಎಂದರು. "ಬೇಡ ಕಣೋ, ಹೆಣ ಭಾರ ನಾನು ಅಂದ್ರೂ ಕೇಳಲ್ಲ."

6.10ಕ್ಕೆ ಬಂಧನ. ಬಂಧನ ಪತ್ರದಲ್ಲಿ 'ಮಾಹಿತಿ ನೀಡಲಾದ ಸಂಬಂಧಿ' ಎಂಬಲ್ಲಿ ಅಕ್ಕ ಸಹಿ ಹಾಕಿದರು.

ಎಲ್ಲರೂ ಮೆಟ್ಟಿಲಿಳಿದರು. ಹೆಡ್ ಕಾನ್‌ಸ್ಟೆಬಲ್ ಮಾತ್ರ ಬಾಗಿಲಲ್ಲಿ ತಡೆದು ನಿಂತರು.

"ಬೆಳಿಗ್ಗೆ ಎಷ್ಟೊತ್ತಿಗೆ ಇಳಿಸ್ಬೇಕು ಅಮ್ಮ?"

"ಆರಕ್ಕೆ," ಎಂದರು ಅಕ್ಕ, ಗೋಡೆಯ ಕಡೆ ಮುಖ ತಿರುಗಿಸಿ.