ಹೆಸರು ಕೇಳಿ ಬಂದ ಅರ್ಜಿ

2024ರ ಜೂನ್ 11, ಮಂಗಳವಾರ. ಬೆಳಗ್ಗೆ 10:20ಕ್ಕೆ ತೆಲಂಗಾಣದ ಮಕ್ತಲ್ ಪೊಲೀಸ್ ಠಾಣೆಗೆ ಬಂದ ಟಪಾಲಿನಲ್ಲಿ ದೂರು ಒಂದೂ ಇರಲಿಲ್ಲ. ಎರಡು ಸಮನ್ಸ್, ಮೇಲಿನ ಕಚೇರಿಯ ಒಂದು ಸುತ್ತೋಲೆ, ಕೊನೆಗೆ ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಹಾಳೆಯ ಮೂಲೆಯಲ್ಲಿ ಕೋರ್ಟ್ ಫೀ ಸ್ಟಾಂಪು ಅಂಟಿಸಿತ್ತು. ಬರಹ ಕನ್ನಡದಲ್ಲಿತ್ತು.

‘ಮಾಹಿತಿ ಹಕ್ಕು ಅರ್ಜಿ. ಸತ್ತವರ ಕಾಗದ ಬೇಕು. ಹೆಸರು ಗೊತ್ತಿಲ್ಲದವರದು. ದಯಮಾಡಿ ಕೊಡಬೇಕು.’

ಕೆಳಗೆ ತಾಯಣ್ಣ, ಆಟೋ ಡ್ರೈವರ್, ಉಟ್ಕೂರ್ ಎಂದು ರುಜು. ಪಕ್ಕದಲ್ಲಿ ಒಂದು ಫೋನ್ ನಂಬರು.

ಹೆಡ್ ಕಾನ್‌ಸ್ಟೆಬಲ್ ಭೀಮಶಂಕರ್ ಅದನ್ನು ಎರಡು ಸಲ ಓದಿ ಸಬ್ ಇನ್‌ಸ್ಪೆಕ್ಟರ್ ನವನೀತಾಳ ಮೇಜಿನ ಮೇಲಿಟ್ಟ. ಇಪ್ಪತ್ತೆಂಟು ವರ್ಷದ ಸರ್ವಿಸಿನ ಮನುಷ್ಯ. ಅರ್ಜಿ ನೋಡಿದ ಕೂಡಲೇ ಅದು ಯಾವ ಫೈಲಿಗೆ ಸೇರಬೇಕೆಂದು ಹೇಳಬಲ್ಲವ.

“ತಿರುಗಿ ಕಳಸೂಣ್ರಿ ಮೇಡಮ್. ತೆಲುಗಿನ್ಯಾಗ ಇಲ್ಲ, ಯಾವ ವರ್ಷ ಅಂತಿಲ್ಲ, ಯಾವ ಹೆಣ ಅಂತಿಲ್ಲ.”

ನವನೀತಾ ನಾರಾಯಣಪೇಟೆಯವಳು, ಮನೆಮಾತು ಕನ್ನಡ. ಠಾಣೆಗೆ ಬರುವ ಮಾಹಿತಿ ಅರ್ಜಿಗಳಿಗೆ ಉತ್ತರ ಕೊಡುವ ಹೊಣೆಯೂ ಅವಳದೇ.

“ಸ್ಪಷ್ಟ ಇಲ್ಲ ಅಂತ ತಿರುಗಿ ಕಳಸಾಕ ಬರಂಗಿಲ್ರಿ. ಕೇಳಿ ಸ್ಪಷ್ಟ ಮಾಡಿಕೋಬೇಕು. ಫೋನ್ ಹಚ್ರಿ, ಬರಲಿ. ಮೂವತ್ತು ದಿನ ಟೈಮ್ ಐತಿ.”

ತಾಯಣ್ಣ ಬಂದದ್ದು ಜೂನ್ 14ರ ಶುಕ್ರವಾರ, ಮಧ್ಯಾಹ್ನ 12:10ಕ್ಕೆ. ನಲವತ್ತೇಳರ ಸಣಕಲು ಆಳು, ಖಾಕಿ ಅಂಗಿ. ಕುರ್ಚಿ ತೋರಿಸಿದರೂ ಅದರ ತುದಿಗಷ್ಟೇ ಕೂತ.

“ಇಂಥಾ ಕಾಗದ ಯಾಕ ಬೇಕಾಗಿತ್ತೋ ನಿನಗ?” ಭೀಮಶಂಕರ್ ಶುರು ಮಾಡಿದ.

ನವನೀತಾ ಕೈ ಅಡ್ಡ ಹಿಡಿದಳು. “ಅದನ್ನ ಕೇಳಂಗಿಲ್ರಿ. ಅರ್ಜಿದಾರ ಕಾರಣ ಹೇಳೋದು ಬ್ಯಾಡ ಅಂತ ಕಾನೂನಿನ್ಯಾಗ ಐತಿ. ಏನು ಬೇಕು ಅಂತ ಅಷ್ಟ ಕೇಳೂಣು.”

ತಾಯಣ್ಣ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

ನವನೀತಾ ರಿಜಿಸ್ಟರ್ ತೆರೆದಳು. “ತೊಂಬತ್ತನೇ ಇಸವಿಯಿಂದ ಇಲ್ಲೀತನಕ ಗುರುತು ಸಿಗದ ಹೆಣ ಎಂಬತ್ತಾರು ಅದಾವು. ಎಲ್ಲಾದರ ಕಾಗದ ಬೇಕೇನು?”

“ಒಂದ ಸಾಕ್ರಿ.”

“ಯಾವ ವರ್ಷದ್ದು?”

“ಎರಡು ಸಾವಿರದ ಮೂರು.”

“ಆ ವರ್ಷ ಏಳು. ಗಂಡಸೋ, ಹೆಂಗಸೋ?”

“ಗಂಡಸ್ರಿ.”

“ಐದು. ತಿಂಗಳು?”

“ಯುಗಾದಿ ಆದ ಮ್ಯಾಲ್ರಿ. ಬಿಸಲು ಭಾಳ ಇತ್ತು.”

ನವನೀತಾ ರಿಜಿಸ್ಟರಿನ ಸಾಲಿನ ಮೇಲೆ ಬೆರಳಾಡಿಸಿದಳು. “ಏಪ್ರಿಲ್‌ನಾಗ ಎರಡು ಅದಾವು. ಒಂದು ಕಾಲುವ್ಯಾಗ ಸಿಕ್ಕಿದ್ದು. ಇನ್ನೊಂದು ರೋಡಿನ ಬಾಜು, ಬೇವಿನ ಗಿಡದ ಕೆಳಗ.”

“ಗಿಡದ ಕೆಳಗಿಂದ್ರಿ,” ಎಂದ ತಾಯಣ್ಣ. “ತಲಿದಿಂಬಿಗಿ ಚೀಲ ಇಟ್ಟಿತ್ತಲ್ರಿ, ಅದು.”

ಅವಳ ಪೆನ್ನು ನಿಂತಿತು. ರಿಜಿಸ್ಟರಿನಲ್ಲಿ ಚೀಲದ ಮಾತೇ ಇರಲಿಲ್ಲ. ಮುಖದಲ್ಲಿ ಏನೂ ತೋರಗೊಡದೆ ಅರ್ಜಿಯ ಕೆಳಗೆ ‘ಸ್ಪಷ್ಟೀಕರಣ: 22-4-2003, ಅಪರಿಚಿತ ಪುರುಷ’ ಎಂದು ಬರೆದು ಅವನ ರುಜು ತೆಗೆದುಕೊಂಡಳು.

ಬಾಗಿಲ ತನಕ ಹೋದವನು ತಿರುಗಿ ನಿಂತ. “ಆ ಕಾಗದದಾಗ ಹೆಸರು ಇರತೈತೇನ್ರಿ?”

“ಇರಂಗಿಲ್ಲ. ಸಿಗಲಾರದ್ದಕ್ಕ ಅಪರಿಚಿತ ಅಂತ ಬರದಾರ.”

“ಸಿಗಂಗಿದ್ರ ನೋಡ್ರಿ, ಮೇಡಮ್,” ಎಂದು ಹೇಳಿ ಹೋದ.

ಹಳೆಯ ಫೈಲು ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಅಂಥ ಫೈಲುಗಳಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಹಾಳೆ ಇರುತ್ತವೆ. ಇದರಲ್ಲಿ ಪಂಚನಾಮೆಯೇ ಹನ್ನೊಂದು ಪುಟ. ಬರೆದವರು ಆಗಿನ ಹೆಡ್ ಕಾನ್‌ಸ್ಟೆಬಲ್ ಭೀಮಯ್ಯ. ತೀರಿಕೊಂಡು ಆರು ವರ್ಷವಾಗಿತ್ತು. ಹೆಣದ ಬೆರಳುಗಳ ಗಡಸು, ಅಂಗಿಯ ಗುಂಡಿಗಳ ಬಣ್ಣ, ಬೇವಿನ ನೆರಳು ಎಷ್ಟು ಗಂಟೆಗೆ ಎಲ್ಲಿಗೆ ಸರಿಯುತ್ತದೆ, ಎಲ್ಲವನ್ನೂ ಬರೆದಿದ್ದರು. ಏಳನೆಯ ಪುಟದಲ್ಲಿ ಹೀಗಿತ್ತು: ‘ತಲೆಯ ಕೆಳಗೆ ಬಟ್ಟೆಯ ಚೀಲವನ್ನು ನಾಲ್ಕು ಮಡಿಕೆ ಮಾಡಿ ಇಡಲಾಗಿದೆ. ಮೃತನ ಎರಡೂ ತೋಳು ಮುರಿದಿವೆ. ಆದ್ದರಿಂದ ಇದನ್ನು ತಾನೇ ಇಟ್ಟುಕೊಂಡಿರಲಾರ. ಇಟ್ಟವನು ಬೇರೆ.’ ಅಂಚಿನಲ್ಲಿ ಕೆಂಪು ಶಾಯಿಯ ಸಣ್ಣ ಟಿಪ್ಪಣಿ: ‘ಚೀಲದ ಸಂಗತಿ ಗುರುತು ಕೇಳುವ ಕರಪತ್ರದಲ್ಲಿ ಅಚ್ಚು ಹಾಕಿಸಬಾರದು. ಇಟ್ಟವನಿಗೆ ಮಾತ್ರ ಗೊತ್ತಿರಲಿ.’

ದಿಕ್ಕಿಲ್ಲದ ಒಂದು ಹೆಣಕ್ಕೆ ಹನ್ನೊಂದು ಪುಟ ಬರೆದ ಆ ಮನುಷ್ಯನನ್ನು ನವನೀತಾ ನೋಡಿರಲಿಲ್ಲ. ಆ ಅಕ್ಷರಗಳ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟುಕೊಂಡು ಕೂತಳು.

ಫೈಲಿನಲ್ಲಿ ಒಬ್ಬನೇ ಸಾಕ್ಷಿಯಿದ್ದ, ರೋಡಿನ ಪಕ್ಕ ಚಹಾದಂಗಡಿ ಇಟ್ಟಿದ್ದ ಸುರೇಂದರ್. ಹಿಂದಿನ ದಿನ ಮಧ್ಯಾಹ್ನ ಲಾರಿಯೊಂದು ದಾರಿಹೋಕನಿಗೆ ಬಡಿಯಿತು, ಡ್ರೈವರ್ ತಾನೇ ಇಳಿದು ಗಾಯಾಳುವನ್ನು ಎತ್ತಿ ‘ದವಾಖಾನೆಗೆ ಒಯ್ಯತೀನಿ’ ಎಂದು ಹೇಳಿ ಹೋದ, ನಂಬರು ನೋಡಲಿಲ್ಲ ಎಂದು ಅವನ ಹೇಳಿಕೆ. ಅಂದರೆ ಲಾರಿ ಹತ್ತಿದಾಗ ಆ ಮನುಷ್ಯ ಬದುಕಿದ್ದ. ಗಿಡದ ಕೆಳಗೆ ಇಳಿಸಿದ ಮೇಲೆ ಸತ್ತಿದ್ದ. ಹೆಣ ಕಂಡ ಕುರುಬ, ಇಬ್ಬರು ಪಂಚರು, ಯಾರ ಹೆಸರೂ ತಾಯಣ್ಣ ಅಲ್ಲ.

“ಎತ್ತಿಕೊಂಡು ಬರ್ಲೇನ್ರಿ ಅವನ್ನ?” ಎಂದ ಭೀಮಶಂಕರ್.

“ಒಂದು ಮಾತಿನ ಮ್ಯಾಲ ಏನು ನಿಲ್ಲತೈತ್ರಿ? ಯಾರೋ ಹೇಳಿದ್ದು ಕೇಳೀನಿ ಅಂದ್ರ ಮುಗೀತು.”

ಬೇರೆ ಸಾಕ್ಷ್ಯವೂ ಸಿಗಲಿಲ್ಲ. ಜೂನ್ 18ರಂದು ಸುರೇಂದರನನ್ನು ಉಟ್ಕೂರಿನ ಆಟೋ ಸ್ಟ್ಯಾಂಡಿಗೆ ಕರೆದೊಯ್ದು ಒಂದು ಗಂಟೆ ನಿಲ್ಲಿಸಿದರು. ತಾಯಣ್ಣ ಅವನೆದುರೇ ಎರಡು ಸಲ ಹಾದುಹೋದ. ಸುರೇಂದರ್ ಗುರುತು ಹಿಡಿಯಲಿಲ್ಲ.

“ಹಂಗಾರ ಹೆಸರಿನ ಮಾಹಿತಿ ಲಭ್ಯವಿಲ್ಲ ಅಂತ ಬರದು ಅರ್ಜಿ ಮುಗಿಸೂಣ್ರಿ. ಇಲ್ಲದ್ದನ್ನ ಹುಡುಕಿ ಕೊಡೋದು ನಮ್ಮ ಕೆಲಸ ಅಲ್ಲ,” ಎಂದ ಭೀಮಶಂಕರ್.

“ಮಾಹಿತಿ ಅಧಿಕಾರಿ ಕೆಲಸ ಅಲ್ರಿ, ಖರೇ. ಪೊಲೀಸರ ಕೆಲಸ ಹೌದು,” ಎಂದಳು ನವನೀತಾ. “ಮಾಲ್‌ಖಾನಾ ಬೀಗ ತಗೀರಿ.”

ಕೇಸುಗಳಲ್ಲಿ ವಶಪಡಿಸಿಕೊಂಡ ಮುದ್ದೆಮಾಲು ಇಡುವ ಆ ಕೋಣೆಯಲ್ಲಿ ಹುಡುಕಲು ಒಂದು ದಿನ ಹಿಡಿಯಿತು. ಚೀಲವನ್ನು ಭೀಮಯ್ಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಬೇವಿನೆಲೆ ಹಾಕಿ, ಅರಗಿನ ಮುದ್ರೆ ಒತ್ತಿ ಇಟ್ಟಿದ್ದರು. ಎಲೆ ಪುಡಿಯಾಗಿತ್ತು. ಬಟ್ಟೆಗೆ ಒಂದು ಹುಳುವೂ ಮುಟ್ಟಿರಲಿಲ್ಲ. ಕೆನೆಬಣ್ಣದ ಹತ್ತಿ, ಪಕ್ಕದಲ್ಲಿ ಎರಡು ಬೆರಳಗಲದ ಕುಂಕುಮ ಬಣ್ಣದ ರೇಷ್ಮೆಯಂಚು, ಗದ್ವಾಲ ಸೀರೆಗಳಲ್ಲಿರುವಂತೆ. ಸೀರೆ ಶುರುಮಾಡುವ ಮೊದಲು ಮಗ್ಗದ ಮೇಲೆ ನೇದು ನೋಡುವ ತುಂಡನ್ನು ಯಾರೋ ಚೀಲವಾಗಿ ಹೊಲಿದಿದ್ದರು.

ಜೂನ್ 24, ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ ನವನೀತಾ ಗದ್ವಾಲದಲ್ಲಿದ್ದಳು. ನೇಕಾರರ ಸಂಘದಲ್ಲಿ ಇಬ್ಬರು ಹಿರಿಯರು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಹತ್ತಿ ರೇಷ್ಮೆ ಕೂಡುವ ಈ ರೀತಿ ಕೋಟೆ ಹಿಂದಿನ ಓಣಿಯದು, ಬುಚ್ಚಮ್ಮನನ್ನು ಕೇಳಿ ಎಂದರು.

ಬುಚ್ಚಮ್ಮನಿಗೆ ಎಂಬತ್ತು ದಾಟಿತ್ತು. ರಾಯಚೂರು ಕಡೆಯಿಂದ ಸೊಸೆಯಾಗಿ ಬಂದಾಕೆ; ಕಣ್ಣಿಗೆ ಪೊರೆ. ಒಳಗೆ ಸೊಸೆ ರಜಿನಿ ಮಗ್ಗದ ಮೇಲಿದ್ದಳು. ನವನೀತಾ ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಹೇಳದೆ, “ಇದು ಯಾರ ಕೈಕೆಲಸ ನೋಡಿ ಹೇಳ್ರಿ, ಅಮ್ಮ,” ಎಂದು ಚೀಲವನ್ನು ಮುದುಕಿಯ ಮಡಿಲಲ್ಲಿಟ್ಟಳು.

ಮುದುಕಿ ಬಟ್ಟೆಯನ್ನು ನೋಡಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನ ಗುಂಟ ಮೇಲಿನಿಂದ ಕೆಳಕ್ಕೆ ನಿಧಾನ ಇಳಿಸಿದಳು. ಅರ್ಧಕ್ಕೆ ಬಂದು ನಿಂತಳು. ಮತ್ತೆ ಮೇಲಿನಿಂದ ಇಳಿಸಿದಳು.

“ಹತ್ತಿ ಎಳಿ ಬಂದು ರೇಷ್ಮಿ ಎಳಿನ್ನ ತಬ್ಬಿಕೊಂಡು ತಿರಗತೈತಿ ಇಲ್ಲಿ,” ಎಂದಳು. “ಎಲ್ಲಾರೂ ಬಲಕ್ಕ ತಿರಗಸ್ತಾರವ್ವಾ. ಇದು ಎಡಕ್ಕ ತಿರಗೈತಿ. ಎಡಗೈಲೆ ಲಾಳಿ ಹಿಡಿತಿದ್ದ. ಎಷ್ಟು ಬಡದ್ರೂ ಬಿಡಲಿಲ್ಲ. ಇಲ್ಲಿ ನೋಡು, ಒಂದು ಎಳಿ ಹರದು ಗಂಟು ಹಾಕ್ಯಾನ. ಈ ಗಂಟು ನಾನ ಕಲಿಸಿದ್ದು.”

ಫೋಟೋ, ಕರಪತ್ರ, ವೈದ್ಯರ ವರದಿ, ಇಪ್ಪತ್ತೊಂದು ವರ್ಷ ಯಾವುದೂ ಹೇಳದಿದ್ದ ಮಾತನ್ನು ಕಣ್ಣು ಕಾಣದ ಮುದುಕಿಯ ಉಗುರು ಓದುತ್ತಿತ್ತು. ಪತ್ರ ಓದಿದಷ್ಟು ಸಲೀಸಾಗಿ. ಒಳಗೆ ಮಗ್ಗದ ಸದ್ದು ನಿಂತಿದ್ದು ನವನೀತಾಳಿಗೆ ಆಗ ತಿಳಿಯಿತು. ರಜಿನಿ ಬಾಗಿಲಲ್ಲಿ ನಿಂತಿದ್ದಳು.

“ನನ್ನ ಮಗ ಮಾರ್ಕಂಡೇಯಂದು ಇದು,” ಎಂದಳು ಬುಚ್ಚಮ್ಮ. “ಎಲ್ಲಿ ಸತ್ತಾನ?”

ಸತ್ತ ಸುದ್ದಿಯನ್ನು ಇನ್ನೂ ಯಾರೂ ಹೇಳಿರಲಿಲ್ಲ.

2003ರ ಏಪ್ರಿಲ್ 21ರಂದು ಮಾರ್ಕಂಡೇಯ ಹೊಸ ಅಂಚಿನ ಮಾದರಿಯನ್ನು ನಾರಾಯಣಪೇಟೆಯ ವ್ಯಾಪಾರಿಗೆ ತೋರಿಸಲು ಹೊರಟವನು ಮರಳಲಿಲ್ಲ. ಸೋಲಾಪುರಕ್ಕೆ ಓಡಿಹೋದ, ಅಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಯಾರೋ ಅಂದರು. ಓಣಿಯೆಲ್ಲ ಅದನ್ನೇ ಅಂದಿತು. ಮಾನಕ್ಕಂಜಿ ಮನೆಯವರು ದೂರು ಕೊಡಲಿಲ್ಲ. ಗಂಡ ಬಿಟ್ಟವಳು ಎಂದು ಕರೆಸಿಕೊಳ್ಳುತ್ತ ರಜಿನಿ ಅದೇ ಮಗ್ಗದ ಮೇಲೆ ಕೂತು ಮಗಳನ್ನು ಬೆಳೆಸಿ ಮದುವೆ ಮಾಡಿದ್ದಳು.

ನವನೀತಾ ತೋರಿಸಿದ ಹೆಣದ ಫೋಟೋವನ್ನು ನೋಡಿ ಅವಳು ಅಳಲಿಲ್ಲ. “ಓಡಿಹೋಗಿಲ್ಲ,” ಎಂದಳು. ಆಮೇಲೆ ಓಣಿಗೆ ಕೇಳುವಂತೆ ಬಾಗಿಲಾಚೆ ಬಂದು ಇನ್ನೊಮ್ಮೆ ಅಂದಳು, “ಓಡಿಹೋಗಿಲ್ಲ ಅಂವ.”

ಮಧ್ಯಾಹ್ನ 1:30ಕ್ಕೆ ಇಬ್ಬರು ನೇಕಾರರ ಎದುರು ಗುರುತಿನ ಪಂಚನಾಮೆ ಆಯಿತು. ಬುಚ್ಚಮ್ಮನ ರಕ್ತದ ಮಾದರಿಯನ್ನು ಡಿಎನ್‌ಎ ತಾಳೆಗಾಗಿ ಪ್ರಯೋಗಾಲಯಕ್ಕೆ ಕಳಿಸಿದರು. ಜುಲೈ 3ರಂದು, ಘಟನೆ ಹಳೆಯದಾದ್ದರಿಂದ ಹಳೆಯ ಐಪಿಸಿಯ 304ರ ಅಡಿ, ಅಂದರೆ ಕೊಲೆಯಲ್ಲದ ನರಹತ್ಯೆಗೆ, ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮ್ಮಿನಲ್ಲಿ ‘ಅಪರಿಚಿತ’ ಎಂದೇ ಬರೆಯಬೇಕಾಯಿತು.

ಜುಲೈ 10, ಬುಧವಾರ. ಅರ್ಜಿಯ ಗಡುವಿಗೆ ಒಂದು ದಿನ ಉಳಿದಿತ್ತು. ಉತ್ತರ ಸಿದ್ಧವಿದೆ ಎಂದು ಫೋನ್ ಮಾಡಿದ್ದಕ್ಕೆ ತಾಯಣ್ಣ 10:45ಕ್ಕೆ ಬಂದ. ಆಟೋದಲ್ಲಿ ಹೆಂಡತಿ ಝಾನ್ಸಿಯೂ ಬಂದಿದ್ದಳು; ಅವಳು ಇಳಿಯಲಿಲ್ಲ.

ನವನೀತಾ ಹಾಳೆಯನ್ನು ಅವನ ಕೈಗೆ ಕೊಡುವ ಮೊದಲು ಓದಿ ಹೇಳಿದಳು. “ನೀವು ಕೇಳಿದ ಮೃತನ ಹೆಸರು ಮಾರ್ಕಂಡೇಯ. ತಂದಿ ಶಂಕರಯ್ಯ. ವಯಸ್ಸು ಮೂವತ್ನಾಲ್ಕು. ನೇಕಾರ. ಊರು ಗದ್ವಾಲ್.”

“ಮಾರ್ಕಂಡೇಯ,” ಎಂದ ತಾಯಣ್ಣ. ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. “ಮನಿಯವರು ಅದಾರೇನ್ರಿ?”

“ತಾಯಿ, ಹೆಂಡತಿ ಅದಾರ.”

ಅವನು ಎದ್ದು ಹೋಗಬಹುದಿತ್ತು. ಅವನನ್ನು ತಡೆಯಲು ಠಾಣೆಯಲ್ಲಿ ಯಾವ ಕಾಗದವೂ ಇರಲಿಲ್ಲ. ಅದು ಅವನಿಗೂ ಗೊತ್ತಿದ್ದಂತೆ ಕಂಡಿತು. ಅವನು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಮೊದಲ ಸಲ ಪೂರ್ತಿ ಕೂತ.

“ನಾ ಒಂದು ಮಾತು ಹೇಳಬೇಕ್ರಿ.”

“ತಡೀರಿ,” ಎಂದಳು ನವನೀತಾ. “ನೀವು ಏನೂ ಹೇಳಲೇಬೇಕಂತಿಲ್ಲ. ನನ್ನ ಮುಂದ ಒಪ್ಪಿಕೊಂಡಿದ್ದು ಕೋರ್ಟಿನ್ಯಾಗ ನಿಲ್ಲಂಗೂ ಇಲ್ಲ. ವಕೀಲರ ಜೋಡಿ ಮಾತಾಡಿ, ಆಮ್ಯಾಲ ಮ್ಯಾಜಿಸ್ಟ್ರೇಟ್ ಮುಂದ ಹೇಳಬಹುದು.”

“ಅಲ್ಲೀನೂ ಹೇಳತೀನ್ರಿ. ಮೊದಲ ಇಲ್ಲಿ ಹೇಳತೀನಿ.”

ಆಗ ಅವನಿಗೆ ಇಪ್ಪತ್ತಾರು, ಲಾರಿಯ ಕ್ಲೀನರ್. ಲೈಸೆನ್ಸ್ ಇರಲಿಲ್ಲ, ಡ್ರೈವರ್ ಜ್ವರ ಬಿದ್ದನೆಂದು ಅವತ್ತು ತಾನೇ ಲಾರಿ ತೆಗೆದಿದ್ದ. ದವಾಖಾನೆಗೆ ಒಯ್ಯುತ್ತೇನೆ ಎಂದಿದ್ದು ಸುಳ್ಳಲ್ಲ. ದವಾಖಾನೆಯ ಗೇಟಿನ ಹತ್ತಿರ ಜನ ನೆರೆದಿದ್ದರು. ತನಗಾಗಿಯೇ ನಿಂತಿದ್ದಾರೆ, ಹೊಡೆದು ಸಾಯಿಸುತ್ತಾರೆ ಎನಿಸಿತು. ಲಾರಿಯನ್ನು ಹಾಗೇ ತಿರುಗಿಸಿ ಊರಾಚೆ ಬಂದು ನೆರಳು ಹುಡುಕಿ ಇಳಿಸಿದ.

“ದಾರಿಗುಂಟ ಮಾತಾಡತಿದ್ದ್ರಿ ಅಂವ. ತನ್ನ ಹೆಸರು ಹೇಳಿದ, ಮನಿ ಯಾವ ಓಣ್ಯಾಗ ಅಂತ ಹೇಳಿದ. ಇಂಜಿನ್ ಸದ್ದಿನ್ಯಾಗ ಕೇಳಲಿಲ್ಲ ಅಂತ ಇಷ್ಟು ವರ್ಷ ಅನ್ಕೊಂಡೆ. ಕೇಳಿಸಿಕೊಳ್ಳಾಕ ನಾನ ಹೋಗಲಿಲ್ರಿ.”

ಪ್ರತಿ ವರ್ಷ ಪೆತ್ತರ ಅಮಾಸಿಗೆ ಅವನ ಮನೆಯಲ್ಲಿ ಸತ್ತ ಹಿರಿಯರ ಹೆಸರು ಹಿಡಿದು ಕರೆದು ಎಡೆ ಇಡುತ್ತಾರೆ. ಅವ್ವ, ಅಪ್ಪ, ಕಾಕ. ಕೊನೆಗೆ ತಾಯಣ್ಣ ಇನ್ನೊಂದು ಎಲೆ ಹಾಕುತ್ತಿದ್ದ. ಕಳೆದ ವರ್ಷ ಝಾನ್ಸಿ ಕೇಳಿದಳು, ಇದಕ್ಕೆ ಯಾರ ಹೆಸರು ಕರೆಯಲಿ ಎಂದು. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಸರಕಾರದ ಕಾಗದದಲ್ಲಿ ಹೆಸರು ಇದ್ದೀತು ಎಂದುಕೊಂಡ. ನೇರ ಬಂದು ಕೇಳಲು ಧೈರ್ಯ ಸಾಲದೆ, ಎಲ್ಲ ಸತ್ತವರ ಕಾಗದ ಬೇಕು ಎಂದು ಬರೆದ.

11:40ಕ್ಕೆ ದಸ್ತಗಿರಿ ಮಾಡಿದರು. ಭೀಮಶಂಕರ್ ಮೆಮೊ ಬರೆಯುತ್ತಾ ಬಂದು ಕೊನೆಯ ಸಾಲಿಗೆ ನಿಂತ.

“ದಸ್ತಗಿರಿ ಸುದ್ದಿ ಯಾರಿಗೆ ತಿಳಸಬೇಕಪ್ಪಾ? ಒಬ್ಬರ ಹೆಸರು ಹೇಳು.”

“ನನ್ನ ಹೆಂಡತಿಗಿ ಗೊತ್ತೈತ್ರಿ. ಮುಂಜಾನಿ ಎಲ್ಲಾ ಹೇಳಿ ಬಂದೀನಿ,” ಎಂದ ತಾಯಣ್ಣ. “ಗದ್ವಾಲದಾಗ ಆ ಮನಿಯವರಿಗೆ ತಿಳಸ್ರಿ.”

ಭೀಮಶಂಕರ್ ತಲೆಯೆತ್ತಿದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಆ ಸಾಲಿನಲ್ಲಿ ಇಂಥ ಹೆಸರು ಬರೆದಿರಲಿಲ್ಲ. ನವನೀತಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ರಜಿನಿ, ಗದ್ವಾಲ್ ಎಂದು ಬರೆದ.

ಫೋನ್ ಹಚ್ಚಿದ್ದು ನವನೀತಾಳೇ. ರಜಿನಿ ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಅವನೇ ಹೇಳಿಕಳಿಸಿದ ಎಂಬುದನ್ನೂ ಕೇಳಿದಳು.

“ಆತನ ಮನಿಯಾಕಿ ಎಲ್ಲಿ ಅದಾಳ್ರಿ?” ಎಂದು ಕೇಳಿದಳು ರಜಿನಿ.

“ಇಲ್ಲೇ, ಹೊರಗ. ಆಟೋದಾಗ ಕುಂತಾಳ.”

“ಯಾವಾಗ ಬಿಡ್ತಾರ, ಎಲ್ಲಿ ಇಡ್ತಾರ, ಎಲ್ಲಾ ಆಕಿಗಿ ಬಿಡಿಸಿ ಹೇಳ್ರಿ,” ಎಂದಳು ರಜಿನಿ. “ಏನೂ ಗೊತ್ತಿಲ್ಲದ ಕಾಯೋದು ಭಾಳ ಕಷ್ಟ ಐತ್ರಿ.”

ನವನೀತಾ ಫೋನಿಟ್ಟು ಹೊರಗೆ ಹೋದಳು. ಬಿಸಿಲಲ್ಲಿ ಆಟೋದ ಹಿಂದಿನ ಸೀಟಿನಲ್ಲಿ ಝಾನ್ಸಿ ಠಾಣೆಯ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ನವನೀತಾ ಟೋಪಿ ತೆಗೆದು ಅವಳ ಪಕ್ಕ ಕೂತು ಹೇಳತೊಡಗಿದಳು.