ಬಿರುಕು ಕಾಯುವ ಡಬ್ಬಿ

ಬೆಳಿಗ್ಗೆ ಬಾಗಿಲು ತೆರೆದರೆ ಹಿಂಗೋಡೆಯ ಡಬ್ಬಿಯಲ್ಲಿ ಕೆಂಪು ದೀಪ! ಅಕ್ಕನ ಕೈಯಲ್ಲಿದ್ದ ರಟ್ಟು ಜಾರಿತು.

ಕಥೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುವಂತೆ, ಅವಳ ಪುಸ್ತಕ ಕಟ್ಟುವ ಅಂಗಡಿಯ ಪ್ರಾಣ ಆ ಡಬ್ಬಿಯೊಳಗಿತ್ತು. ಹಿಂಗೋಡೆ ಬಿಟ್ಟಿದ್ದ ಬಿರುಕಿನ ಆಚೆಗೊಂದು, ಈಚೆಗೊಂದು ಲೋಹದ ಬಿಲ್ಲೆ. ಎದುರುಬದುರು, ಆದರೆ ತಾಗದಂತೆ. ನಡುವಿನ ಸಂದು ಕೂದಲೆಳೆಯಷ್ಟು ಬದಲಾದರೂ ಬಿಲ್ಲೆಗಳು ಹಿಡಿದಿಡುವ ವಿದ್ಯುತ್ತು ಬದಲಾಗಿ ಡಬ್ಬಿಯ ಮೇಲಿನ ಅಂಕಿ ಅಲುಗುತ್ತಿತ್ತು. ದೀಪ ಕೆಂಪಾದರೆ ಗೋಡೆ ಸರಿದಿದೆ ಎಂದರ್ಥ. ಅಂಕಿ ಕಚೇರಿಗೂ ಬಂದಿದೆ, ಸಂಜೆಯೊಳಗೆ ಅಂಗಡಿ ಖಾಲಿ ಮಾಡಿ ಎಂದು ನಗರಸಭೆಯ ಎಂಜಿನಿಯರು ಫೋನಿನಲ್ಲೇ ಹೇಳಿಬಿಟ್ಟರು.

ಯಾರ ಕೈವಾಡ? ಮೇಲ್ಮಹಡಿಯಲ್ಲಿ ಕುಟ್ಟುವ ಬಡಗಿಯದೇ? ಇನ್ನೊಂದು ಬೀಗದಕೈ ಇಟ್ಟುಕೊಂಡು, ಅಂಗಡಿ ಬಿಡಿಸಲು ಹೊಂಚುಹಾಕುತ್ತಿರುವ ಮಾಲೀಕರ ಅಳಿಯನದೇ? ಅಂಗಡಿಯಲ್ಲಿ ಜೊತೆಗೆ ದುಡಿಯುವ ಅವಳ ತಮ್ಮ ಮಾತ್ರ ತಲೆಯೆತ್ತದೆ ಹಾಳೆ ಮಡಿಸುತ್ತಿದ್ದ, ಮಡಿಕೆಯನ್ನು ಹೆಬ್ಬೆರಳ ಉಗುರಿನಿಂದ ಗೀರುತ್ತ. “ಮರದ ಪಟ್ಟಿ ಇದೆಯಲ್ಲೋ, ಉಗುರ್ಯಾಕೆ?” ಎಂದು ಅವಳು ದಿನವೂ ಗದರುವುದಿತ್ತು. ಇಂದು ಅದಕ್ಕೂ ಮನಸ್ಸಿರಲಿಲ್ಲ.

ಡಬ್ಬಿ ಕೂರಿಸಿದವಳನ್ನೇ ಕರೆಸಿದಳು. ಕೂದಲಿಗಿಂತ ದಪ್ಪದ್ದು ಯಾವುದೂ ಇವಳ ಕಣ್ಣಿಗೆ ಕಾಣುವುದಿಲ್ಲವೆಂದು ಬೀದಿಯವರು ಅವಳಿಗೆ ಇಟ್ಟ ಹೆಸರು ಕೂದಲಕ್ಕ.

ಕೂದಲಕ್ಕ ಎಲ್ಲರನ್ನೂ ವಿಚಾರಿಸಿದಳು. ಬಡಗಿ ಊರಲ್ಲೇ ಇರಲಿಲ್ಲ. ಅಳಿಯ ತಾನು ಇತ್ತ ಕಾಲೇ ಇಟ್ಟಿಲ್ಲವೆಂದ. “ಗೋಡೆ ಸರಿಸೋಕೆ ನಾನೇನು ಆನೆನಾ?” ಎಂದೂ ಕೇಳಿದ. ಅಕ್ಕ ನಂಬಲಿಲ್ಲ.

ಕೂದಲಕ್ಕ ಅಂಕಿಯನ್ನೇ ದಿಟ್ಟಿಸಿದಳು. “ಎಷ್ಟು ಬದಲಾಯ್ತು ಅಂತ ಎಂಜಿನಿಯರು ನೋಡಿದ್ರು. ಯಾವ ಕಡೆಗೆ ಅಂತ ನೋಡ್ಲಿಲ್ಲ. ಇದರ ಲೆಕ್ಕದಲ್ಲಿ ಬಿರುಕು ಹಿಗ್ಗಿಲ್ಲ—ಕೂಡಿಕೊಂಡಿದೆ.”

“ಬಿರಿದ ಗೋಡೆ ತಾನಾಗೇ ಕೂಡುತ್ತಾ?”

“ಎಲ್ಲಾದ್ರೂ ಉಂಟಾ? ಬಿಲ್ಲೆಗಳ ನಡುವೆ ಗಾಳಿ ಇರೋ ಜಾಗದಲ್ಲಿ ಒದ್ದೆ ಏನಾದ್ರೂ ತೂರಿಸಿದ್ರೆ, ಅವು ಹತ್ತಿರ ಬಂದ್ವು ಅಂತ ಡಬ್ಬಿ ಮೋಸ ಹೋಗುತ್ತೆ.”

ಮುಚ್ಚಳ ತೆಗೆದು, ಚಿಮಟದಿಂದ ಸಂದಿನೊಳಗಿನದನ್ನು ಮೆಲ್ಲಗೆ ಎಳೆದಳು. ಅಂಟಿನಲ್ಲಿ ನೆನೆದ ಕಾಗದದ ಪಟ್ಟಿ. ಮಡಿಕೆಯ ಉದ್ದಕ್ಕೂ ಉಗುರಿನ ಗೀರು.

“ಮಾಲೀಕರ ಅಳಿಯನಿಗೆ ಹಾಳೆ ಹೀಗೆ ಮಡಿಸೋಕೆ ಬರಲ್ಲ. ಇಲ್ಲಿ ಉಗುರಲ್ಲಿ ಗೀರೋರು ಯಾರು?”

ಅಕ್ಕನ ಕಣ್ಣು ತಮ್ಮನ ಮುಂದಿದ್ದ ರಾಶಿಯ ಮೇಲಿತ್ತು. ಹಾಳೆಹಾಳೆಯಲ್ಲೂ ಅದೇ ಗೀರು.

“ಹಾಗಾದ್ರೆ ನಿಮ್ಮ ತಮ್ಮನೇ,” ಎಂದಳು ಕೂದಲಕ್ಕ.

ಅವನು ಬೆರಳಿಗೆ ಮೆತ್ತಿದ ಅಂಟನ್ನು ಕೆರೆಯುತ್ತ ಕುಳಿತ. “ಈ ಕೆಲಸ ಸಾಕಾಗಿತ್ತಕ್ಕ. ನಿನ್ನ ಮುಖ ನೋಡಿ ಹೇಳೋಕೆ ಬಾಯೇ ಬರ್ತಿರ್ಲಿಲ್ಲ. ಗೋಡೆ ಬೀಳುತ್ತೆ ಅಂದ್ರೆ ನೀನಾಗೇ ಮುಚ್ತೀಯ ಅಂದ್ಕೊಂಡೆ.”

ಬಿಲ್ಲೆಗಳನ್ನು ಒರೆಸಿದೊಡನೆ ಕೆಂಪು ದೀಪ ಆರಿತು. ಗೋಡೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಅಕ್ಕ ಮರದ ಪಟ್ಟಿ ಎತ್ತಿಕೊಂಡಳು. ತಮ್ಮನ ಮುಂದಿದ್ದ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲ ಹಾಳೆಯ ಮಡಿಕೆಯನ್ನು ಮತ್ತೆ ತೀಡತೊಡಗಿದಳು.

“ಹೋಗು,” ಎಂದಳು. “ಬಾಗಿಲು ಎಳ್ಕೊಂಡು ಹೋಗು. ಧೂಳು ಬರುತ್ತೆ.”